ರಾಜಕುಮಾರಿ ಕತ್ತಿ ಹಿಡಿದರೂ ಮಕ್ಕಳು ಯಾಕೆ ನಗುವುದಿಲ್ಲ?

ಕೊಪ್ಪಳ, ಗಂಗಾವತಿ ಕಡೆ ಮಕ್ಕಳಿಗಾಗಿ ಬರೆಯಲು ಹೊರಟ ಮಾಸ್ತರರು, ಟೀಚರಮ್ಮಂದಿರು ಮತ್ತೆ ಮತ್ತೆ ಕೇಳುತ್ತಾರೆ: "ನಮ್ ರಾಜಕುಮಾರಿ ಅಳೂದಿಲ್ರಿ, ಕುದುರಿ ಹತ್ತತಾಳ, ಕತ್ತಿ ಹಿಡೀತಾಳ. ಆದ್ರೂ ಹುಡುಗ್ರು ನಗವಲ್ರು. ಯಾಕ?"

ಅರಮನೆಯಲ್ಲಿ ಎಲ್ಲರೂ ಗಂಭೀರವಾಗಿ ನಡೆಸುವ ಒಂದು ಹುಚ್ಚು ಕಟ್ಟಳೆ ಕಥೆಯಲ್ಲಿಲ್ಲ, ಅದಕ್ಕೆ. ಅಂಥದ್ದೊಂದನ್ನು ಇಡಿ. ಅವಳು ಅದನ್ನು ಮುರಿಯುವುದು ಬೇಡ, ಅಕ್ಷರ ತಪ್ಪದೆ ಪಾಲಿಸಲಿ.

ಉದಾಹರಣೆಗೆ, ಆನೆಗೊಂದಿಯಂಥ ಊರು: ಸುತ್ತ ಬಂಡೆಗುಡ್ಡ, ಮುಂದೆ ತುಂಗಭದ್ರೆ. ರಾಜಾಜ್ಞೆ ಏನೆಂದರೆ, ರಾಜಕುಮಾರಿಯ ಪಾದ ನೆಲಕ್ಕೆ ತಾಗಕೂಡದು. ಅವಳು ಪಲ್ಲಕ್ಕಿಯಿಂದ ಸೀದಾ ತೆಪ್ಪಕ್ಕೆ ಇಳಿಯುತ್ತಾಳೆ. "ನೆಲಾ ಮುಟ್ಟಬ್ಯಾಡ ಅಂದ್ರಿ ಅಪ್ಪಾಜಿ, ನೀರಿನ ಮ್ಯಾಲ ಹೋಗಬ್ಯಾಡ ಅಂದಿಲ್ಲಲ್ರಿ." ಮುಂದೆ ರಾಕ್ಷಸ ಹೊತ್ತೊಯ್ದಾಗ ಗವಿಯಲ್ಲೂ ಅದೇ ಆಜ್ಞೆ. ಅವಳು ಅವನ ಹೆಗಲಿಂದ ಇಳಿಯುವುದೇ ಇಲ್ಲ. ಮೂರನೇ ದಿನಕ್ಕೆ ರಾಕ್ಷಸನೇ ಕೈ ಮುಗಿದು, ಅವಳನ್ನು ಹೊಳೆದಂಡೆಗೆ ತಂದು ತೆಪ್ಪದಲ್ಲಿ ಕೂರಿಸುತ್ತಾನೆ.

ಬಿಡಿಸಲು ಬಂದ ರಾಜಕುಮಾರ ಆಗ ನಡುಹೊಳೆಯಲ್ಲಿ ಗಿರಗಿರ ತಿರುಗುತ್ತಿರುತ್ತಾನೆ. ದುಂಡು ತೆಪ್ಪಕ್ಕೆ ಒಂದೇ ಮಗ್ಗುಲಿಗೆ ಹುಟ್ಟು ಹಾಕಿದರೆ ಹಾಗೇ ಆಗುವುದು. ಎದುರಿನ ನೀರನ್ನು ತನ್ನತ್ತ ಎಳೆದುಕೊಂಡರೆ ಅದು ಮುಂದೆ ಸಾಗುತ್ತದೆ. ಇದನ್ನು ಅಂಬಿಗ ಅವಳಿಗೆ ಎರಡನೇ ಅಧ್ಯಾಯದಲ್ಲೇ ಕಲಿಸಿರಬೇಕು. ಹತ್ತನೆಯದರಲ್ಲಿ ಥಟ್ಟನೆ ತಂದರೆ ಮಕ್ಕಳು ಮೋಸ ಅನ್ನುತ್ತಾರೆ, ಸರಿಯಾಗಿಯೇ ಅನ್ನುತ್ತಾರೆ.

ಮಾಯಾಮಂತ್ರಕ್ಕೂ ಇದೇ ಮಾತು. ಅಮೆರಿಕದ ಲೇಖಕಿ ಪೆಟ್ರೀಷಿಯಾ ರೀಡಿ ಅವರ 1990ರ ಮಕ್ಕಳ ಕಾದಂಬರಿ 'ಡೀಲಿಂಗ್ ವಿತ್ ಡ್ರಾಗನ್ಸ್'ನಲ್ಲಿ ಮಾಂತ್ರಿಕರು ಕರಗಿಹೋಗುವುದು ಲಿಂಬೆರಸ ಬೆರೆಸಿದ ಸೋಪಿನ ನೀರಿಗೆ! ದೊಡ್ಡ ಬೆದರಿಕೆಗೆ ಬಚ್ಚಲಮನೆಯ ಉಪಾಯ. ನಗುವಿಗೆ ಇದಕ್ಕಿಂತ ಗಟ್ಟಿ ಅಡಿಪಾಯ ನನಗೆ ಕಂಡಿಲ್ಲ.

ಭಾಷೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ರಾಜ ಗ್ರಂಥದ ಕನ್ನಡ ಆಡಲಿ, ಅವಳು ಊರಿನದು. ನಮ್ಮ ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ, ಬಂಗಾರಕ್ಕ ರಾಮಾಯಣದ ನಡುವೆ ಬಂದು ನಗಿಸುವುದೂ ಊರ ಮಾತಿನಲ್ಲೇ. ಆದರೆ ಆ ಮಾತಾಡುವವಳು ಎಲ್ಲರಿಗಿಂತ ಜಾಣೆಯಾಗಿರಬೇಕು. ದಡ್ಡರ ಬಾಯಿಗೆ ಮಾತ್ರ ಹಳ್ಳಿ ಮಾತು ಹಾಕಿದರೆ ಕೇಳುವ ಮಗು ತಲೆ ತಗ್ಗಿಸುತ್ತದೆ. ಅವಳನ್ನು ಮೇಲೆತ್ತಿ ತೋರಿಸಲು ಅಕ್ಕತಂಗಿಯರನ್ನು ಅಳುಬುರುಕಿಯರನ್ನಾಗಿ ಮಾಡುವುದೂ ಬೇಡ. ಅವರಲ್ಲೊಬ್ಬಳಿಗೆ ಜರಿ ಸೀರೆ, ಒಡವೆ ನಿಜಕ್ಕೂ ಇಷ್ಟವಿರಲಿ, ಲೆಕ್ಕದಲ್ಲೂ ಚುರುಕಾಗಿರಲಿ.

ನಾಲ್ಕು, ಐದನೇ ತರಗತಿಗೆ ಅಧ್ಯಾಯಕ್ಕೆ ಸಾವಿರ ಪದ ಸಾಕು, ಗಟ್ಟಿಯಾಗಿ ಓದಿದರೆ ಹತ್ತು ನಿಮಿಷ.

ಕೊನೆಗೆ ಮದುವೆ ಬೇಕೇ ಎಂದೂ ಕೇಳುತ್ತಾರೆ. ಬೇಕಾದರೆ ಇಡಿ, ಆದರೆ ಅದಕ್ಕಿಂತ ಮೊದಲು ಆಜ್ಞೆ ರದ್ದಾಗಲಿ, ರದ್ದು ಮಾಡುವ ಓಲೆ ಅವಳೇ ಬರೆಯಲಿ.