“ಈ ಪ್ರಾಯದಲ್ಲಿ ದೋಣಿ ಎಂತಕ್ಕೆ?”

ಮದುವೆ ಊಟದ ಪಂಕ್ತಿಯಲ್ಲಿ, ಫೋನಿನಲ್ಲಿ, ಲಿಫ್ಟಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಈ ಪ್ರಶ್ನೆ ಬಂದಿದೆ. ವಿಷಯ ಇಷ್ಟೇ. ಬ್ಯಾಂಕಿನಿಂದ ರಿಟೈರ್ ಆದ ಮೇಲೆ, ಅರವತ್ತೊಂದನೇ ವರ್ಷದಲ್ಲಿ, ಮುಂಬಯಿಯಲ್ಲಿ ಹಾಯಿದೋಣಿ ನಡೆಸಲು ಕಲಿಯುತ್ತಿದ್ದೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ: ಸುಮ್ನೆ. ಇಷ್ಟ ಆಯಿತು, ಸೇರಿದೆ.

ಇಷ್ಟಕ್ಕೆ ಯಾರೂ ಬಿಡುವುದಿಲ್ಲ, ಗೊತ್ತು. ಆ ಪ್ರಶ್ನೆಯಲ್ಲಿ ಪ್ರಾಯ ಮೊದಲು ಬರುತ್ತದೆ, ದೋಣಿ ಆಮೇಲೆ. ಚೌತಿಗೆ ಮೊದಲು ಸ್ಟೂಲಿನ ಮೇಲೆ ಸ್ಟೂಲಿಟ್ಟು ಅಟ್ಟದ ಪಾತ್ರೆ ಇಳಿಸುವಾಗ ನನ್ನ ಪ್ರಾಯ ಯಾರಿಗೂ ನೆನಪಾಗಿಲ್ಲ. ಹೋದ ವರ್ಷ ಉಡುಪಿಯಲ್ಲಿ ಮದುವೆ. ಅತ್ತಿಗೆ ನನ್ನ ಎಲೆಗೆ ಪಾಯಸ ಬಡಿಸುತ್ತಾ, “ಅಲ್ಲ ಮಾರಾಯ್ತಿ, ಅರವತ್ತಕ್ಕೆ ಅರಳು ಮರಳು ಅಂತ ಕೇಳಿದ್ದೆ, ಈಗ ಕಂಡೆ” ಅಂದರು. ಪಂಕ್ತಿ ಇಡೀ ನಕ್ಕಿತು. ನಾನೂ ನಕ್ಕೆ. ಎರಡನೇ ಹೋಳಿಗೆ ಬೇಡ ಅಂದೆ. ನನ್ನ ಕೋಪ ಅಷ್ಟರದ್ದೇ.

ಭಾವ ಇನ್ನೂ ಒಂದು ಹೆಜ್ಜೆ ಮುಂದೆ. ಹಾಯಿದೋಣಿಯಲ್ಲಿ ಒಬ್ಬರೇ ಭೂಮಿ ಸುತ್ತುವ 2018ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಬೆನ್ನಿಗೆ ಪೆಟ್ಟು ಮಾಡಿಕೊಂಡ ಸುದ್ದಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿದರು. ಅದೇ ಮನುಷ್ಯ ಮತ್ತೆ ಹೊರಟು 2023ರಲ್ಲಿ ಎರಡನೆಯವರಾಗಿ ಮುಗಿಸಿದ್ದು ಮಾತ್ರ ಅವರ ಫೋನಿಗೆ ಬಂದಿರಲಿಲ್ಲ, ಪಾಪ. ಟೋಮಿ ಇದ್ದದ್ದು ಹಿಂದೂ ಮಹಾಸಾಗರದ ನಡುವೆ, ಒಬ್ಬರೇ. ನಾನಿರುವುದು ದಡದ ಕಟ್ಟಡಗಳ ಕಿಟಕಿ ಎಣಿಸುವಷ್ಟು ದೂರದಲ್ಲಿ. ಲೈಫ್ ಜಾಕೆಟ್ ಹಾಕಿಕೊಂಡು, ಪಕ್ಕದಲ್ಲಿ ಕಲಿಸುವ ಹುಡುಗನನ್ನು ಕೂರಿಸಿಕೊಂಡು.

“ಮಗುಚಿದ್ರೆ?” ಅನ್ನುವುದು ಮುಂದಿನ ಪ್ರಶ್ನೆ. ಮಗುಚಿದೆ. ಕೇಳಿ.

ನಾವು ಕಲಿಯುವ ದೋಣಿಗೆ ಎಂಟರ್‌ಪ್ರೈಸ್ ಅಂತ ಹೆಸರು. ಜ್ಯಾಕ್ ಹೋಲ್ಟ್ ಎಂಬ ಇಂಗ್ಲಿಷಿನವರು 1956ರಲ್ಲಿ ಮಾಡಿದ ವಿನ್ಯಾಸ. ನಾಲ್ಕು ಮೀಟರ್ ಉದ್ದ, ಇಬ್ಬರಿಗೆ ಜಾಗ, ನೀಲಿ ಹಾಯಿ. ಮೂರನೇ ವಾರ ಚುಕ್ಕಾಣಿ ನನ್ನ ಕೈಗೆ ಬಂತು. ಒಂದು ಕೈಯಲ್ಲಿ ಚುಕ್ಕಾಣಿಯ ಹಿಡಿ, ಇನ್ನೊಂದರಲ್ಲಿ ಹಗ್ಗ. ಇದ್ದಕ್ಕಿದ್ದಂತೆ ಜೋರು ಗಾಳಿ ಹೊಡೆಯಿತು. ದೋಣಿ ಒಂದು ಕಡೆ ವಾಲಿತು. ಹುಡುಗ ಕೂಗಿದ: “ಆಂಟೀ, ಶೀಟ್ ಛೋಡೋ!”

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಕೂತವಳಿಗೆ ಶೀಟ್ ಅಂದರೆ ಕಾಗದ. ಮನೆಯಲ್ಲಿ ಅದು ಹಾಸಿಗೆಯ ಬಟ್ಟೆ. ಊರಿನ ಕೊಟ್ಟಿಗೆಯ ಮೇಲೆ ತಗಡು. ನಾನು ತಲೆ ಎತ್ತಿ ಹಾಯಿ ನೋಡಿದೆ. ಬಟ್ಟೆ ಅಂದರೆ ಅದೇ ಅಲ್ವಾ? ಅದನ್ನು ನಾನು ಹಿಡಿದೇ ಇಲ್ಲ, ಬಿಡುವುದು ಹೇಗೆ? ಗಾಬರಿಗೆ ಕೈಯಲ್ಲಿದ್ದ ಹಗ್ಗವನ್ನು ಇನ್ನೂ ಬಿಗಿ ಹಿಡಿದೆ. ಆ ಹಗ್ಗವೇ ಶೀಟ್. ಹಾಯಿಯನ್ನು ಎಳೆದು ಬಿಡುವ ಹಗ್ಗಕ್ಕೆ ಶೀಟ್ ಅನ್ನುತ್ತಾರೆ. ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿತ್ತು. ಕೈಗೆ ಮಾತ್ರ ಗೊತ್ತಿರಲಿಲ್ಲ.

ಬಿದ್ದೆ. ಉಪ್ಪು, ಕೆಸರು, ಡೀಸೆಲ್ ಮೂರೂ ಸೇರಿದ ರುಚಿ. ಕನ್ನಡಕ ಸಮುದ್ರಪಾಲು. ಹುಡುಗ ಒದ್ದೆಯೂ ಆಗಲಿಲ್ಲ. ದೋಣಿ ಮಗುಚುತ್ತಿದ್ದ ಹಾಗೆ ಅಂಚು ದಾಟಿ, ಅಡಿಯ ಹಲಗೆಯ ಮೇಲೆ ಹೋಗಿ ನಿಂತಿದ್ದ. ನನಗೆ ಒಳಗಿನ ಪಟ್ಟಿ ಹಿಡಿದು ತೇಲುತ್ತಿರಲು ಹೇಳಿದ. ಹಿಂದಕ್ಕೆ ವಾಲಿ ಎಳೆದ. ದೋಣಿ ಎದ್ದು ಕೂರುವಾಗ ನನ್ನನ್ನೂ ನೀರಿನ ಸಮೇತ ಮೊಗೆದುಕೊಂಡಿತು, ಬುಟ್ಟಿಗೆ ಬಿದ್ದ ಬಂಗುಡೆಯ ಹಾಗೆ. ಈಗ ಕನ್ನಡಕಕ್ಕೆ ದಾರ ಕಟ್ಟಿದ್ದೇನೆ.

ನೋಡಿ, ಇಷ್ಟು ಜನ ಕೇಳಿದರು, ಒಬ್ಬರೂ “ಒಂದು ಹಗ್ಗಕ್ಕೆ ಶೀಟ್ ಅಂತ ಯಾಕೆ?” ಅನ್ನಲಿಲ್ಲ. ಅದನ್ನು ಕೇಳಿ. ನಾಲ್ಕು ಮೀಟರಿನ ದೋಣಿಯಲ್ಲಿ ಎಂಟು ಹತ್ತು ಹಗ್ಗ. ಒಂದನ್ನೂ ಹಗ್ಗ ಅನ್ನುವ ಹಾಗಿಲ್ಲ. ಹಾಯಿ ಏರಿಸುವುದು ಹ್ಯಾಲ್ಯಾರ್ಡ್. ಮೂತಿಗೆ ಕಟ್ಟಿ ದೋಣಿ ನಿಲ್ಲಿಸುವುದು ಪೇಂಟರ್, ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಯಿಯ ಮುಂದಿನ ಅಂಚನ್ನು ಕೆಳಕ್ಕೆ ಬಿಗಿ ಮಾಡುವುದು ಕನಿಂಗ್‌ಹ್ಯಾಮ್. ಅದು 1958ರಲ್ಲಿ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯ ಗೆದ್ದ ಬ್ರಿಗ್ಸ್ ಕನಿಂಗ್‌ಹ್ಯಾಮ್ ಅವರ ಹೆಸರು. ಟ್ಯಾಕ್ ಅಂದರೆ ಹಾಯಿಯ ಒಂದು ಮೂಲೆ, ದೋಣಿ ತಿರುಗಿಸುವುದೂ ಅದೇ, ಗಾಳಿ ಯಾವ ಕಡೆಯಿಂದ ಅನ್ನುವುದಕ್ಕೂ ಅದೇ. ಇದನ್ನು ಇಟ್ಟವರನ್ನು ನಾನು ಕ್ಷಮಿಸಿಲ್ಲ.

ಆದರೆ ಪೋರ್ಟ್ ಅನ್ನುವ ಮಾತು ನನಗೆ ಬಹಳ ಇಷ್ಟ. ಮೂತಿಯ ಕಡೆ ಮುಖ ಮಾಡಿದರೆ ಬಲ ಸ್ಟಾರ್‌ಬೋರ್ಡ್, ಎಡ ಪೋರ್ಟ್. ಮೊದಲು ಎಡಕ್ಕೆ ಲಾರ್ಬೋರ್ಡ್ ಅನ್ನುತ್ತಿದ್ದರು. ಗಾಳಿಯಲ್ಲಿ ಕೂಗಿದರೆ ಎರಡೂ ಒಂದೇ ಥರ ಕೇಳಿಸುತ್ತಿತ್ತು. 1844ರಲ್ಲಿ ಬ್ರಿಟಿಷ್ ನೌಕಾಪಡೆ ಇನ್ನು ಪೋರ್ಟ್ ಅನ್ನಿ ಎಂದು ಆದೇಶ ಹೊರಡಿಸಿತು. ನನ್ನ ಸರ್ವಿಸಿನಲ್ಲಿ ಇಷ್ಟು ಉಪಯೋಗದ ಸರ್ಕ್ಯುಲರ್ ಒಂದೂ ಬರಲಿಲ್ಲ.

ಅಡುಗೆಮನೆಯಲ್ಲಿ ಯಾರಾದರೂ “ಆ ಉದ್ದದ್ದು ಕೊಡು” ಅಂದರೆ ನಮಗೆ ಸಿಟ್ಟು ಬರುತ್ತದೆ. ಸೌಟು ಸೌಟೇ, ಸಟ್ಟುಗ ಸಟ್ಟುಗವೇ. ಒಗ್ಗರಣೆ ಸೀಯುವಾಗ ವಿವರಣೆ ಕೊಡಲು ಪುರುಸೊತ್ತಿಲ್ಲ. ದೋಣಿಯೂ ಹಾಗೇ. ಎಷ್ಟೋ ವಿಷಯ ನನಗೆ ಗೊತ್ತೇ ಇತ್ತು, ಹೆಸರು ಮಾತ್ರ ಹೊಸದು. ಶೀಟಿನ ತುದಿಗೆ ಎಂಟರ ಆಕಾರದ ಗಂಟು ಹಾಕುತ್ತಾರೆ, ಹಗ್ಗ ರಾಟೆಯೊಳಗೆ ನುಸುಳಿ ಹೋಗದ ಹಾಗೆ. ಲಂಗದ ಲಾಡಿ ಒಳಗೆ ಹೋಗಿ, ಪಿನ್ನು ಚುಚ್ಚಿ ಹೊರಗೆ ಎಳೆದವರಿಗೆ ಅದನ್ನು ಎರಡು ಸಲ ಹೇಳಬೇಕಾಗಿಲ್ಲ.

ಇನ್ನೊಂದು ಪ್ರಶ್ನೆ ಇದೆ. ಯಾರಾದರೂ ಕೇಳಿಯಾರು ಅಂತ ಆಸೆಯೂ ಇದೆ, ಹೆದರಿಕೆಯೂ ಇದೆ. “ಇದಕ್ಕೆಲ್ಲ ನಮ್ಮಲ್ಲಿ ಏನು ಹೇಳ್ತಾರೆ?” ಹಾಯಿ, ಕೂವೆಮರ, ಚುಕ್ಕಾಣಿ, ಲಂಗರು. ಹುಟ್ಟು, ಅದು ದೋಣಿಗೂ ಆಗುತ್ತದೆ, ಅನ್ನ ಬಡಿಸಲಿಕ್ಕೂ ಆಗುತ್ತದೆ. ಅಲ್ಲಿಗೆ ನನ್ನ ಗಂಟು ಖಾಲಿ. ಒಂದು ಕಾಲದಲ್ಲಿ ನಮ್ಮ ಕರಾವಳಿಯ ಮಂಜಿ, ಪತ್ತೆಮಾರಿಗಳು ಹಂಚು ಹೊತ್ತು, ಹಾಯಿ ಕಟ್ಟಿಕೊಂಡೇ ಇದೇ ಮುಂಬಯಿಗೆ ಬರುತ್ತಿದ್ದವು. ತಂಡೇಲ ಕೂಗಿದರೆ ಖಲಾಸಿ ಎಳೆಯುತ್ತಿದ್ದ ಪ್ರತಿ ಹಗ್ಗಕ್ಕೂ ಒಂದು ಹೆಸರು ಇದ್ದಿರಲೇಬೇಕು. ಚಿಕ್ಕವಳಿದ್ದಾಗ ಅಂಥ ಮುದುಕರು ನಮ್ಮ ಬೀದಿಯಲ್ಲೇ ಜಗಲಿ ಮೇಲೆ ಕೂತಿರುತ್ತಿದ್ದರು. ನಾನು ಕೇಳಲಿಲ್ಲ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ.

ಈಗ ಮಳೆಗಾಲ. ಸೆಪ್ಟೆಂಬರ್ ಕಳೆಯುವವರೆಗೆ ನಮ್ಮ ದೋಣಿಗಳು ದಡದ ಮೇಲೆ, ಟಾರ್ಪಾಲಿನ್ ಹೊದ್ದುಕೊಂಡಿವೆ. ನಾನು ಬಾಲ್ಕನಿಯ ಬಟ್ಟೆ ಹಗ್ಗದಲ್ಲಿ ಬೋಲೈನ್ ಗಂಟು ಅಭ್ಯಾಸ ಮಾಡುತ್ತಿದ್ದೇನೆ. ಎಷ್ಟು ಎಳೆದರೂ ಜಾರದ ಗಂಟು ಅದು. ನಿನ್ನೆ ನಮ್ಮವರ ಟವೆಲ್ಲೂ ಅದರಲ್ಲಿ ಸಿಕ್ಕಿಕೊಂಡಿತು. ಹತ್ತು ನಿಮಿಷ ಗುದ್ದಾಡಿದರು, ಕತ್ತರಿ ಹುಡುಕಿದರು. ಕೊನೆಗೆ ಒಳಗೆ ಬಂದು, “ಇದನ್ನ ಬಿಚ್ಚೋದು ಹೇಗೆ?” ಅಂದರು.

ಹಿಂಭಾಗದ ಸುರುಳಿಯನ್ನು ಹೆಬ್ಬೆರಳಲ್ಲಿ ಹಿಂದಕ್ಕೆ ಬಗ್ಗಿಸಿ ಅಂದೆ. ಬಗ್ಗಿಸಿದರು. ಬಿಚ್ಚಿತು. ಟವೆಲ್ ಅಲ್ಲೇ ಬಿಟ್ಟು, “ಇನ್ನೊಂದ್ಸಲ ಕಟ್ಟು, ನೋಡುವಾ” ಅಂದರು.