ಆ ಕೊನೆಯ ರಾಜ ಅಷ್ಟು ಕೈಲಾಗದವನಾ?

ನಾನು ಬೈಜಾಂಟಿಯಂ (ಕಾನ್‌ಸ್ಟಾಂಟಿನೋಪಲ್, ಅಂದರೆ ಇಂದಿನ ಇಸ್ತಾಂಬುಲ್, ರಾಜಧಾನಿಯಾಗಿದ್ದ ಪೂರ್ವ ರೋಮನ್ ಸಾಮ್ರಾಜ್ಯ) ಇತಿಹಾಸ ಓದುತ್ತೇನೆ ಅಂತ ಗೊತ್ತಾದರೆ ಸಾಕು, ಎಲ್ಲರೂ ಇದನ್ನೇ ಕೇಳುತ್ತಾರೆ: "ಕಾನ್‌ಸ್ಟಾಂಟಿನೋಪಲ್ ಕಳೆದುಕೊಂಡನಲ್ಲ ಆ ಕೊನೆಯ ಚಕ್ರವರ್ತಿ, ಅಷ್ಟು ಕೈಲಾಗದವನಾ?"

ಪಾಪ, ಅಲ್ಲ. 1453ರಲ್ಲಿ ಒಟ್ಟೊಮನ್ ತುರ್ಕರು ಮುತ್ತಿದಾಗ ಹನ್ನೊಂದನೇ ಕಾನ್‌ಸ್ಟಂಟೈನ್ ಸುಮಾರು 7,000 ಜನರನ್ನು ಇಟ್ಟುಕೊಂಡು ಏಳು ವಾರ ಕೋಟೆ ಕಾದ. ಮನೆ ಖಾಲಿ ಮಾಡಿದ್ದು ಅವನಲ್ಲ, ಅವನ ಪಾಲಿಯೊಲೊಗೊಸ್ ವಂಶದ ಹಿರಿಯರು.

ಶುರುವಾದದ್ದೇ ಪಾಪದಲ್ಲಿ. 1261ರಲ್ಲಿ ಈ ವಂಶದ ಮೊದಲ ಚಕ್ರವರ್ತಿ ಎಂಟನೇ ಮೈಕೇಲನ ಸೇನೆ ಲ್ಯಾಟಿನರ (ನಗರ ಹಿಡಿದಿದ್ದ ಪಶ್ಚಿಮ ಯುರೋಪಿನವರ) ಕೈಯಿಂದ ನಗರ ಕಿತ್ತುಕೊಂಡಿತು. ಅದೇ ವರ್ಷ ಕ್ರಿಸ್ಮಸ್ ದಿನ ಅವನು ಸಿಂಹಾಸನದ ನಿಜವಾದ ಹಕ್ಕುದಾರ, ಅಂದಿಗೆ ಹನ್ನೊಂದು ತುಂಬಿದ ಹುಡುಗನ ಕಣ್ಣು ತೆಗೆಸಿದ. ಮೈಕೇಲನ ಮಗ ಆಂಡ್ರೊನಿಕೊಸ್ ಖರ್ಚು ಉಳಿಸಲು 1285ರಲ್ಲಿ ನೌಕಾಪಡೆಯನ್ನೇ ಕೈಬಿಟ್ಟ. ಮೂರು ಕಡೆ ನೀರಿರುವ ಊರು ಅದು! ಆಮೇಲೆ ಈ ಆಂಡ್ರೊನಿಕೊಸ್‌ಗೂ ಅವನ ಮೊಮ್ಮಗನಿಗೂ ಜಗಳ. 1328ರಲ್ಲಿ ಮೊಮ್ಮಗ ಅಜ್ಜನನ್ನು ಇಳಿಸಿದ.

ಆ ಮೊಮ್ಮಗ 1341ರಲ್ಲಿ ಸತ್ತಾಗ ಅವನ ಮಗ ಜಾನ್‌ಗೆ ಸುಮಾರು ಒಂಬತ್ತು ವರ್ಷ. ಹುಡುಗನ ತಾಯಿ ಆನಾ ಒಂದು ಕಡೆ, ತಂದೆಯ ಗೆಳೆಯ ಕಾಂಟಕುಜೆನೊಸ್ ಇನ್ನೊಂದು ಕಡೆ. ಆರು ವರ್ಷ ಹೊಡೆದಾಟ. ದುಡ್ಡಿಗಾಗಿ ಆನಾ 1343ರಲ್ಲಿ ಪಟ್ಟದ ಒಡವೆಗಳನ್ನು ವೆನಿಸ್‌ನಲ್ಲಿ 30,000 ಡುಕಟ್‌ಗೆ (ವೆನಿಸ್‌ನ ಚಿನ್ನದ ನಾಣ್ಯ) ಗಿರವಿ ಇಟ್ಟಳು.

ನನಗೆ ಕಾಡುವುದು 1347ರ ಪಟ್ಟಾಭಿಷೇಕ. ಕಾಂಟಕುಜೆನೊಸ್ ಗೆದ್ದು ಕಿರೀಟ ಹಾಕಿಕೊಂಡ, ಮಗಳನ್ನು ಹುಡುಗ ಜಾನ್‌ಗೇ ಕೊಟ್ಟು ಅವನ ಮಾವನೂ ಆದ. ನಗರದ ಮಹಾ ಚರ್ಚು ಹಗಿಯಾ ಸೋಫಿಯಾದ ಗುಮ್ಮಟ ಹಿಂದಿನ ವರ್ಷ ಒಂದು ಪಾಲು ಕುಸಿದಿತ್ತು, ರಿಪೇರಿಗೆ ದುಡ್ಡಿಲ್ಲ, ಹಾಗಾಗಿ ಸಮಾರಂಭ ಬೇರೆ ಚರ್ಚಿನಲ್ಲಿ. ಅದನ್ನು ಕಂಡ ಗ್ರೆಗೊರಾಸ್ ಎಂಬ ವಿದ್ವಾಂಸ ಬರೆದಿಟ್ಟಿದ್ದಾನೆ: ಕಿರೀಟದಲ್ಲಿ ಹೊಳೆಯುತ್ತಿದ್ದದ್ದು ಗಾಜಿನ ಚೂರು, ಚಿನ್ನದಂತೆ ಕಂಡದ್ದು ಬಣ್ಣ ಬಳಿದ ಚರ್ಮ. ಊಟಕ್ಕೆ ತವರದ ತಟ್ಟೆ, ಮಣ್ಣಿನ ಪಾತ್ರೆ. ಒಂದು ಬೆಳ್ಳಿ ಲೋಟವೂ ಇಲ್ಲ ಅಂದರೆ ಲೆಕ್ಕ ಹಾಕಿ.

ನಡುವೆ ಒಳ್ಳೆಯವರೂ ಬಂದರು. ಎರಡನೇ ಮ್ಯಾನ್ಯುಯೆಲ್ ನನಗೆ ತುಂಬಾ ಇಷ್ಟ. ಸಹಾಯ ಕೇಳುತ್ತಾ ಯುರೋಪೆಲ್ಲ ಸುತ್ತಿ, 1400ರ ಕ್ರಿಸ್ಮಸ್ ಕಳೆದದ್ದು ಇಂಗ್ಲೆಂಡಿನ ರಾಜನ ಮನೆಯಲ್ಲಿ! ಉಪಚಾರ ಜಾಸ್ತಿ ಆಯಿತು, ಸೈನ್ಯ ಮಾತ್ರ ಬರಲಿಲ್ಲ.

ಅವನ ಮಗನೇ ಈ ಕಾನ್‌ಸ್ಟಂಟೈನ್. 1449ರಲ್ಲಿ ದಕ್ಷಿಣ ಗ್ರೀಸಿನ ಮಿಸ್ಟ್ರಾಸ್‌ನಲ್ಲಿ ಚಕ್ರವರ್ತಿಯಾದ. ಅಲ್ಲಿಂದ ರಾಜಧಾನಿಗೆ ಹೋಗಲು ಸ್ವಂತ ಹಡಗಿಲ್ಲ, ಕಟಲಾನ್‌ರ (ಸ್ಪೇನಿನ ಕಡೆಯವರ) ಹಡಗು ಹತ್ತಿದ. ಗಿರವಿ ಇಟ್ಟ ಒಡವೆ ಇನ್ನೂ ವೆನಿಸ್‌ನಲ್ಲೇ ಇತ್ತು.