ಈ ಉಬ್ಬು ಯಾರದು?

"ಹಾಡೋ ಮೈಕ್ ಮನೇಲೇ ಇದೆಯಲ್ಲ ಮಾರಾಯ, ನೀನು ಜೋಡಿಸಿದ ಸ್ಪೀಕರ್ ಅಳೆಯೋಕೆ ಅದು ಸಾಲದಾ?" ಅಂತ ಭಾವ ಕೇಳಿದರು.

"ಬೇಡ ಭಾವ, ಅದು ಹಾಡೋಕೆ ಮಾತ್ರ" ಅಂದೆ. ಅವರ ಹತ್ತಿರ ಇರುವುದು ಶ್ಯೂರ್ ಎಸ್‌ಎಂ58. ಗಟ್ಟಿ ಮೈಕ್, ಒಳ್ಳೆಯ ಮೈಕ್. ಆದರೆ ಗಾಯಕರ ದನಿ ಎದ್ದು ಕೇಳಲಿ ಅಂತಲೇ ಅದನ್ನು ಮಾಡಿದ್ದಾರೆ. ಬೇಸ್ ಇಳಿಸುತ್ತದೆ, 5 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಎತ್ತುತ್ತದೆ. ನನ್ನದು ಟೂ-ವೇ ಸ್ಪೀಕರ್: ಬೇಸ್‌ಗೆ ವೂಫರ್, ಕೀಚಲು ದನಿಗೆ ಟ್ವೀಟರ್. ಅದನ್ನು ಈ ಮೈಕಿನಲ್ಲಿ ಅಳೆದರೆ, ಗ್ರಾಫಿನ ಉಬ್ಬು ಸ್ಪೀಕರಿನದೋ ಮೈಕಿನದೋ ಹೇಗೆ ಗೊತ್ತಾಗಬೇಕು?

ಅಳತೆಗೆ ಬೇಕಾದ್ದು ಎಲ್ಲಾ ದಿಕ್ಕಿನಿಂದಲೂ ಹೆಚ್ಚುಕಮ್ಮಿ ಒಂದೇ ಸಮ ಕೇಳಿಸಿಕೊಳ್ಳುವ, ಸಣ್ಣ ತಲೆಯ ಓಮ್ನಿ ಮೈಕ್. ಡೇಟನ್ ಇಎಂಎಂ-6 ನೋಡಿದೆ. ಅದಕ್ಕೆ ಫ್ಯಾಂಟಮ್ ಪವರ್, ಅಂದರೆ ಕೇಬಲ್ ಮೂಲಕವೇ ಮೈಕಿಗೆ ವಿದ್ಯುತ್ ಕೊಡುವ ಇಂಟರ್ಫೇಸ್ ಪೆಟ್ಟಿಗೆ ಬೇರೆ ಬೇಕು. ಹಾಗಾಗಿ ನೇರ ಯುಎಸ್‌ಬಿಗೆ ಸಿಕ್ಕಿಸುವ ಮಿನಿಡಿಎಸ್‌ಪಿ ಯುಮಿಕ್-1 ತಗೊಂಡೆ. ಮೈಕಿನ ಮೇಲಿನ ಸೀರಿಯಲ್ ನಂಬರ್ ಕೊಟ್ಟರೆ ಆ ಮೈಕಿನದೇ ಕ್ಯಾಲಿಬ್ರೇಷನ್ ಫೈಲ್ ಸಿಗುತ್ತದೆ. ತೆರೆದು ನೋಡಿದರೆ ಸುಮ್ನೆ ಅಂಕಿಗಳು: ಎಡಗಡೆ ಹರ್ಟ್ಸ್, ಬಲಗಡೆ ಡೆಸಿಬಲ್. ಎಲ್ಲೆಲ್ಲಿ ಈ ಮೈಕ್ ಎಷ್ಟು ತಪ್ಪು ಕೇಳಿಸಿಕೊಳ್ಳುತ್ತದೆ ಅನ್ನುವ ಲೆಕ್ಕ. ಆರ್‌ಇಡಬ್ಲ್ಯೂ ಅನ್ನುವ ಅಳತೆಯ ತಂತ್ರಾಂಶ ಅಷ್ಟನ್ನೂ ಕಳೆದು ಗ್ರಾಫ್ ಕೊಡುತ್ತದೆ. 94 ಡೆಸಿಬಲ್ ಸದ್ದು ಮಾಡುವ ಲೆವೆಲ್ ಕ್ಯಾಲಿಬ್ರೇಟರ್ ಕೊಳ್ಳಲಿಲ್ಲ. ಅದು ಸದ್ದಿನ ನಿಖರ ಮಟ್ಟ ತಿಳಿಯಲು. ನನಗೆ ಬೇಕಿದ್ದದ್ದು ಗ್ರಾಫಿನ ಗೆರೆಯ ಆಕಾರ ಮಾತ್ರ.

ಬೆಳಿಗ್ಗೆ ಬೇಗ, ಗಾಳಿ ಏಳುವ ಮೊದಲೇ ಸ್ಪೀಕರನ್ನು ತಾರಸಿಗೆ ಹೊತ್ತೆವು. ಹಾಲ್‌ನಲ್ಲಿ ಯಾಕಾಗಲ್ಲ ಅಂದರೆ ನೆಲ, ಚಾವಣಿ ಎರಡೂ ಹತ್ತಿರ, ಅವಕ್ಕೆ ಬಡಿದ ಸದ್ದು ಬೇಗ ಬಂದು ಬೆರೆತುಬಿಡುತ್ತದೆ. ತಾರಸಿಯಲ್ಲಿ ಎರಡು ಏಣಿಗಳ ಮೇಲೆ ಹಲಗೆ ಹಾಸಿ, ಟ್ವೀಟರ್ 2 ಮೀಟರ್ ಎತ್ತರ ಬರುವ ಹಾಗೆ ಇಟ್ಟೆವು. ಮೈಕ್ 1 ಮೀಟರ್ ದೂರ, ಅದೇ ಎತ್ತರದಲ್ಲಿ. ನೆಲಕ್ಕೆ ಬಡಿದು ಬರುವ ಸದ್ದು ಆಗ ಸುಮಾರು 9 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಯಾವ ಸದ್ದು ಯಾವಾಗ ತಲುಪಿತು ಅಂತ ತೋರಿಸುವ ಇಂಪಲ್ಸ್ ಗ್ರಾಫಿನಲ್ಲಿ ಅದು ಚೆನ್ನಾಗಿ ಕಂಡಿತು: ಮೊದಲು ಚೂಪಾದ ಮುಳ್ಳು, ಸ್ವಲ್ಪ ಬಿಟ್ಟು ಪುಟ್ಟದೊಂದು. ಆ ಪುಟ್ಟದಕ್ಕೆ ಮೊದಲೇ ಕತ್ತರಿಸಿದರೆ ಸುಮಾರು 110 ಹರ್ಟ್ಸ್‌ನಿಂದ ಮೇಲಿನದೆಲ್ಲ ಸ್ಪೀಕರಿನದೇ, ನೆಲದ್ದಲ್ಲ. ಅದಕ್ಕಿಂತ ಕೆಳಗಿನ ಬೇಸ್‌ಗೆ ಮೈಕನ್ನು ವೂಫರ್ ಕೋನ್‌ಗೆ ತಾಗುವಷ್ಟು ಹತ್ತಿರ ಹಿಡಿದು ಅಳೆದೆವು. ಆಡಿಯೊ ಎಂಜಿನಿಯರ್ ಡಾನ್ ಕೀಲೆ 1974ರಲ್ಲಿ ಬರೆದ ವಿಧಾನ ಇದು, ಮನೆಯಲ್ಲಿ ಅಳೆಯುವವರಿಗೆ ಇಂದಿಗೂ ಇದೇ ಆಸರೆ.

ಗೆರೆಯಲ್ಲಿ 3 ಕಿಲೋಹರ್ಟ್ಸ್‌ನಿಂದ ಮೇಲೆ ಸುಮಾರು 3 ಡೆಸಿಬಲ್ ಜಾಸ್ತಿ ಇತ್ತು.

"ಮೈಕೇ ಹಾಗೆ ತೋರಿಸ್ತಿರಬಹುದಲ್ವಾ?" ಅಂದರು ಭಾವ. ಅದು ಕೇಳಲೇಬೇಕಾದ ಪ್ರಶ್ನೆ. ಯುಮಿಕ್‌ಗೆ ಎರಡು ಫೈಲ್ ಕೊಡುತ್ತಾರೆ: ಮೈಕ್ ಸ್ಪೀಕರಿಗೆ ಮುಖ ಮಾಡಿದ್ದರೆ 0 ಡಿಗ್ರಿಯದು, ಮೇಲಕ್ಕೆ ನೆಟ್ಟಗೆ ನಿಂತಿದ್ದರೆ 90 ಡಿಗ್ರಿಯದು. ಎದುರಿನಿಂದ ಬರುವ ಎತ್ತರದ ಸ್ಥಾಯಿಯ ದನಿಗಳು ಮೈಕಿನ ಮೂತಿಯಲ್ಲಿ ಒತ್ತಿಕೊಂಡು ಜಾಸ್ತಿ ಕೇಳುತ್ತವೆ, ಅಡ್ಡದಿಂದ ಬಂದರೆ ಕಮ್ಮಿ. ಮೈಕನ್ನು ಮೇಲ್ಮುಖ ಮಾಡಿ, 90ರ ಫೈಲ್ ಹಾಕಿ, ಅದೇ ಸ್ವೀಪ್, ಅಂದರೆ ತಗ್ಗಿನಿಂದ ಕೀಚಲುವರೆಗೆ ಏರುವ ಪರೀಕ್ಷೆಯ ಸದ್ದು, ಮತ್ತೆ ಓಡಿಸಿದೆ. ಫೈಲ್ ಇಲ್ಲದೆ ನೋಡಿದಾಗ ಗೆರೆಗಳು ತುದಿಯಲ್ಲಿ ಬೇರೆಬೇರೆ ಹೋದವು. ಆಯಾ ಫೈಲ್ ಹಾಕಿದ ಮೇಲೆ ಒಂದರ ಮೇಲೊಂದು ಕೂತವು. ಉಬ್ಬು ಮಾತ್ರ ಎರಡರಲ್ಲೂ ಹಾಗೇ ಇತ್ತು. ಮೈಕಿನದಲ್ಲ, ನೆಲದ್ದಲ್ಲ, ಟ್ವೀಟರಿನದೇ.

ಅಲ್ಲೇ ತಾರಸಿಯಲ್ಲಿ ಎಲ್-ಪ್ಯಾಡ್ ಕಟ್ಟಿದೆ, ಅಂದರೆ ಟ್ವೀಟರಿನ ಸದ್ದು ಇಳಿಸುವ ಎರಡು ರೆಸಿಸ್ಟರ್‌ಗಳ ಜೋಡಿ. 8 ಓಮ್ ಟ್ವೀಟರ್‌ಗೆ 3 ಡೆಸಿಬಲ್ ಇಳಿಸಲು ಸೀರೀಸ್‌ನಲ್ಲಿ ಸುಮಾರು 2.3 ಓಮ್, ಪ್ಯಾರಲಲ್‌ನಲ್ಲಿ ಸುಮಾರು 19 ಓಮ್. ಬೆಸುಗೆ ಆರುವವರೆಗೂ ಭಾವ ವೈರ್ ಹಿಡಿದುಕೊಂಡಿದ್ದರು. ಮತ್ತೆ ಸ್ವೀಪ್ ಓಡಿಸಿದಾಗ ಉಬ್ಬು ಇಳಿದಿತ್ತು. ಇನ್ನೊಂದು ಸ್ಪೀಕರ್ ತರಲು ಅವರೇ ಕೆಳಗೆ ಹೋದರು.